ತಡವಾಗಿ ಬಂದ ದತ್ತಣ್ಣ

ದತ್ತಣ್ಣ ಅವರನ್ನು ಹರೆಯದಲ್ಲಿ ತೆರೆಯ ಮೇಲೆ ಕಂಡವರಿಲ್ಲ. ನಮ್ಮೆಲ್ಲರ ಪ್ರೀತಿಯ ದತ್ತಣ್ಣನಾದ ಎಚ್.ಜಿ. ದತ್ತಾತ್ರೇಯ ಸಿನಿಮಾಕ್ಕೆ ಬಂದದ್ದೇ ನಲವತ್ತೈದರ ಆಸುಪಾಸಿನಲ್ಲಿ. ಅಷ್ಟರಲ್ಲಿ ವಾಯುಪಡೆಯ ಸೇವಾವಧಿ ಮುಗಿಸಿಯಾಗಿತ್ತು.

ಹುಟ್ಟಿದ್ದು 1942ರಲ್ಲಿ, ಚಿತ್ರದುರ್ಗದಲ್ಲಿ. ಓದಿನಲ್ಲಿ ಚುರುಕಾಗಿದ್ದ ಹುಡುಗ ಎಂಜಿನಿಯರಿಂಗ್ ಹಿಡಿದು ಭಾರತೀಯ ವಾಯುಪಡೆ ಸೇರಿದರು. ಎರಡು ದಶಕ ದುಡಿದು ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು. ಆಮೇಲೆ ಎಚ್‌ಎಎಲ್‌ನಲ್ಲಿ ಅಧಿಕಾರಿ. ಆದರೆ ನಾಟಕದ ಗೀಳು ಶಾಲಾ ದಿನಗಳಿಂದಲೇ ಇತ್ತು. ಅಣ್ಣ ಎಚ್.ಜಿ. ಸೋಮಶೇಖರ ರಾವ್ ಅವರೂ ಬ್ಯಾಂಕ್ ನೌಕರಿಯ ಜೊತೆಗೇ ನಟನೆಯನ್ನು ಉಳಿಸಿಕೊಂಡವರು.

ಬೆಂಗಳೂರಿನ ಹವ್ಯಾಸಿ ರಂಗಭೂಮಿ ನಿಂತಿದ್ದೇ ಇಂಥವರಿಂದ. ಹಗಲೆಲ್ಲ ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿ, ಸಂಜೆಯಾದರೆ ತಾಲೀಮು, ಕೊನೆಗೆ ರವೀಂದ್ರ ಕಲಾಕ್ಷೇತ್ರದಲ್ಲಿ ಪ್ರಯೋಗ. ಸಂಭಾವನೆಯ ಮಾತೇ ಇಲ್ಲ. ಹೊಟ್ಟೆಪಾಡಿಗೆ ನೌಕರಿ ಇದ್ದುದರಿಂದ ಅವಕಾಶಕ್ಕಾಗಿ ಸಿನಿಮಾದವರ ಗಾಂಧಿನಗರ ಸುತ್ತುವ ಅಗತ್ಯವೂ ಇರಲಿಲ್ಲ. 'ಬೆನಕ'ದಂಥ ನಾಟಕ ತಂಡದಲ್ಲಿ ಬೆಳೆದ ಟಿ.ಎಸ್. ನಾಗಾಭರಣ ಕ್ಯಾಮೆರಾದ ಹಿಂದೆ ನಿಂತಾಗ ರಂಗಭೂಮಿಯ ನಟರಿಗೂ ಸಿನಿಮಾದ ಬಾಗಿಲು ತೆರೆಯಿತು. 1980ರ ದಶಕದ ಕೊನೆಯಲ್ಲಿ ನಾಗಾಭರಣರ 'ಆಸ್ಫೋಟ'ದಲ್ಲಿ ದತ್ತಣ್ಣ ಕಾಣಿಸಿಕೊಂಡರು. ಮುಂದೆ 'ಚಿನ್ನಾರಿ ಮುತ್ತ' ಬಂತು.

ಆದರೆ ಅವರೊಳಗಿನ ನಟನನ್ನು ಪೂರ್ತಿಯಾಗಿ ದುಡಿಸಿಕೊಂಡವರು ನಿರ್ದೇಶಕ ಪಿ. ಶೇಷಾದ್ರಿ. 2000ದ 'ಮುನ್ನುಡಿ'ಯಿಂದ ಆರಂಭವಾದ ಜೊತೆ 'ಅತಿಥಿ', 'ಬೇರು' ದಾಟಿ 'ಭಾರತ್ ಸ್ಟೋರ್ಸ್'ವರೆಗೆ ಬೆಳೆಯಿತು. ದೊಡ್ಡ ಮಾಲ್‌ಗಳ ಅಬ್ಬರದಲ್ಲಿ ಬಡಾವಣೆಯ ದಿನಸಿ ಅಂಗಡಿ ನೆಲಕಚ್ಚುವ ಕಥೆ ಅದು. ಅಂಗಡಿಯ ಯಜಮಾನನಾಗಿ ದತ್ತಣ್ಣ ಎಲ್ಲೂ ಕಣ್ಣೀರು ಹಿಂಡಲು ಹೋಗುವುದಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ರೀತಿಯಲ್ಲೇ ವ್ಯಾಪಾರಿಯ ಹೆಮ್ಮೆಯೂ ಇದೆ, ದಣಿವೂ ಇದೆ. 60ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅದು ಅತ್ಯುತ್ತಮ ಕನ್ನಡ ಚಿತ್ರವಾಯಿತು; ದತ್ತಣ್ಣ ಅವರಿಗೆ ವಿಶೇಷ ಉಲ್ಲೇಖ ಸಿಕ್ಕಿತು.

ನಡುವೆ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, ಬಿ.ಎಸ್. ಲಿಂಗದೇವರು ನಿರ್ದೇಶನದ 'ಮೌನಿ'ಯೂ ಆಯಿತು. ಗಂಭೀರ ಪಾತ್ರಗಳಿಗೇ ಮೀಸಲು ಎಂದುಕೊಳ್ಳುವಷ್ಟರಲ್ಲಿ, 2016ರ 'ನೀರ್ ದೋಸೆ'ಯಲ್ಲಿ ಜಗ್ಗೇಶ್ ಜೊತೆ ಪೋಲಿ ಮಾತಿನ ಸಿನಿಮಾಕ್ಕೂ ಸೈ ಎಂದರು. ಮರುವರ್ಷ 'ಕೆಂಪಿರ್ವೆ'ಯಲ್ಲಿ ಅವರದೇ ಮುಖ್ಯ ಪಾತ್ರ. 2019ರಲ್ಲಿ ಹಿಂದಿಯ 'ಮಿಷನ್ ಮಂಗಲ್' ಕೈ ಬೀಸಿ ಕರೆದಾಗ ವಯಸ್ಸು ಎಪ್ಪತ್ತೇಳು. ಅಲ್ಲಿ ಇಸ್ರೊದ ಹಿರಿಯ ವಿಜ್ಞಾನಿ. ಬದುಕಿನ ಬಹುಪಾಲನ್ನು ವಿಮಾನಗಳ ನಡುವೆ ಕಳೆದ ಎಂಜಿನಿಯರ್‌ಗೆ ಹೇಳಿಮಾಡಿಸಿದ ವೇಷ.

ನಾಯಕನಾಗಿ ಮೆರೆದವರಿಗೆ ವಯಸ್ಸಾಗುತ್ತಿದ್ದಂತೆ ಪೋಷಕ ಪಾತ್ರಕ್ಕೆ ಇಳಿಯುವುದು ಸಂಕಟದ ಕೆಲಸ. ದತ್ತಣ್ಣ ಅವರಿಗೆ ಕಾಪಾಡಿಕೊಳ್ಳಬೇಕಾದ ಇಮೇಜೇ ಇರಲಿಲ್ಲ. ನೆರೆಗೂದಲು ಅವರ ಪಾಲಿಗೆ ಬಂಡವಾಳ. ಕಚೇರಿ, ಶಿಸ್ತು, ವರ್ಗಾವಣೆ, ನಿವೃತ್ತಿಯನ್ನೆಲ್ಲ ನಿಜವಾಗಿಯೇ ಉಂಡು ಬಂದವರು. ತಂದೆಯೋ ಮೇಷ್ಟ್ರೋ ಅಂಗಡಿಯವನೋ ಆಗಿ ನಿಂತಾಗ ಆ ಅನುಭವವೇ ಮಾತಾಡುತ್ತದೆ. ಇಪ್ಪತ್ತೈದಕ್ಕೆಲ್ಲ ಅವಕಾಶ ಸಿಗಲಿಲ್ಲವೆಂದು ಕೈಚೆಲ್ಲುವ ಹವ್ಯಾಸಿ ನಟರು ಈ ಲೆಕ್ಕಾಚಾರವನ್ನೊಮ್ಮೆ ಗಮನಿಸಬೇಕು: ನೌಕರಿಯಲ್ಲಿ ಕಳೆದ ವರ್ಷಗಳು ನಟನ ಖಾತೆಗೂ ಜಮೆಯಾಗಿರುತ್ತವೆ.