ಬ್ಯಾಟರಿಯೊಳಗಿನ ಬೆಂಕಿ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಯಜಮಾನರು ಬಡಗಿ. ಮೊದಲು ಅವರ ಹತ್ತಿರ ಕೈಯಲ್ಲಿ ತಿರುಗಿಸುವ ಬೈರಿಗೆ ಇತ್ತು. ಈಗ ಬ್ಯಾಟರಿ ಡ್ರಿಲ್ ಬಂದಿದೆ. ವೈರು ಬೇಡ. ಕರೆಂಟಿಲ್ಲದ ಕಡೆಯೂ ತೂತು ಕೊರೆಯಬಹುದು.

ಒಂದು ದಿನ ಪಾಠ ಮುಗಿದ ಮೇಲೆ ಅಕ್ಕ ಕೇಳಿದರು: "ಟೀಚರ್, ಡ್ರಿಲ್ಲಿನ ಬ್ಯಾಟರಿ ಕೆಳಗೆ ಬಿದ್ದು ಸೀಳಿದೆ. ಚಾರ್ಜಿಗೆ ಹಾಕಿದ್ರೆ ಕೈ ಇಡೋಕಾಗಲ್ಲ, ಅಷ್ಟು ಬಿಸಿ. ಹೊಸದಕ್ಕೆ ದುಡ್ಡಿಲ್ಲ ಅಂತ ಇವರು ರಾತ್ರಿಯೆಲ್ಲಾ ಅದನ್ನೇ ಹಾಕಿಡ್ತಾರೆ. ಪಕ್ಕದಲ್ಲೇ ಮಕ್ಕಳು ಮಲಗ್ತಾವೆ. ಏನೂ ಆಗಲ್ಲ ತಾನೆ?"

ಆಗಬಹುದು. ಮನೆಗೇ ಬೆಂಕಿ ಬೀಳಬಹುದು. ಹೇಗೆ? ಬನ್ನಿ, ತಿಳಿಯೋಣ.

ಬ್ಯಾಟರಿಯ ಒಳಗೆ ಏನಿದೆ?

ಡ್ರಿಲ್ ಬ್ಯಾಟರಿ ಎಂದರೆ ಒಂದು ಪೆಟ್ಟಿಗೆ. ಅದರೊಳಗೆ ಸಣ್ಣ ಸಣ್ಣ ಸೆಲ್ಲುಗಳಿರುತ್ತವೆ. 18 ವೋಲ್ಟಿನ ಬ್ಯಾಟರಿಯಲ್ಲಿ ಕಡಿಮೆ ಎಂದರೂ 5 ಸೆಲ್ಲು. ಇವು ಲಿಥಿಯಂ ಸೆಲ್ಲುಗಳು. ನಮ್ಮ ಮೊಬೈಲಿನಲ್ಲಿ ಇರುವುದೂ ಇದೇ ಜಾತಿ. 1991ರಲ್ಲಿ ಇವು ಮೊದಲು ಮಾರಾಟಕ್ಕೆ ಬಂದವು. ಗಾತ್ರ ಚಿಕ್ಕದು, ಶಕ್ತಿ ಬಹಳ.

ಸೆಲ್ಲಿನೊಳಗೆ ಎರಡು ಲೋಹದ ಹಾಳೆಗಳನ್ನು ಚಾಪೆಯ ಹಾಗೆ ಸುತ್ತಿರುತ್ತಾರೆ. ನಡುವೆ ಪ್ಲಾಸ್ಟಿಕ್ಕಿನ ಪದರ ಇರುತ್ತದೆ. ಅದು ತಲೆಗೂದಲಿಗಿಂತ ತೆಳು. ಜೊತೆಗೆ ಬೇಗ ಹತ್ತಿಕೊಳ್ಳುವ ಒಂದು ದ್ರವ. ಪದರ ಹರಿದರೆ ಶಾರ್ಟ್ ಆಗುತ್ತದೆ. ಸೆಲ್ಲು ಕಾಯುತ್ತದೆ, ಸಿಡಿಯುತ್ತದೆ. ಆ ಬಿಸಿಗೆ ಪಕ್ಕದ ಸೆಲ್ಲೂ ಹತ್ತಿಕೊಳ್ಳುತ್ತದೆ. ಪಟಾಕಿ ಸರದ ಹಾಗೆ!

ಏಕೆ ಹೀಗಾಗುತ್ತದೆ?

ಬ್ಯಾಟರಿಗೆ ಪೆಟ್ಟು ಬಿದ್ದರೆ, ನೀರು ಒಳಗೆ ಹೋದರೆ, ಬೇರೆ ಚಾರ್ಜರ್ ಹಾಕಿದರೆ ಹೀಗಾಗಬಹುದು. ತಯಾರಿಸುವಾಗಲೇ ದೋಷ ಇರುವುದೂ ಉಂಟು. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ನೋಟ್ 7 ಎಂಬ ಮೊಬೈಲುಗಳಿಗೆ ಬೆಂಕಿ ಹತ್ತಿತು. ಬ್ಯಾಟರಿಯಲ್ಲೇ ದೋಷ ಇತ್ತು. ಕಂಪನಿ ಸುಮಾರು 25 ಲಕ್ಷ ಫೋನುಗಳನ್ನು ವಾಪಸ್ ಕರೆಯಿತು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗೆ. ಇನ್ನು ಹೆಸರಿಲ್ಲದ ಅಗ್ಗದ ಬ್ಯಾಟರಿಯನ್ನು ನಂಬುವುದು ಹೇಗೆ?

ಚಾರ್ಜರಿಗೆ ಹೆಸರು ಬರೆಯಿರಿ

ಮನೆಯಲ್ಲಿ ಮೊಬೈಲು, ಡ್ರಿಲ್ಲು, ಔಷಧಿ ಹೊಡೆಯುವ ಪಂಪು ಎಲ್ಲಕ್ಕೂ ಬೇರೆ ಬೇರೆ ಚಾರ್ಜರ್. ಪಿನ್ನು ಕೂತಿತು ಅಂತ ಯಾವುದಕ್ಕೆ ಯಾವುದನ್ನೋ ಹಾಕಬಾರದು. ಈಗ ನಮಗೆ ಬರೆಯಲು ಬರುತ್ತದಲ್ಲ? ಚೀಟಿಯಲ್ಲಿ 'ಡ್ರಿಲ್', 'ಪಂಪ್', 'ಮೊಬೈಲ್' ಎಂದು ಬರೆದು ಆಯಾ ಚಾರ್ಜರಿಗೆ ಅಂಟಿಸೋಣ.

ನೆನಪಿಡಿ

1. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಇಡಬೇಡಿ. ಎಚ್ಚರ ಇರುವಾಗ ಇಡಿ. ತುಂಬಿದ ಮೇಲೆ ತೆಗೆಯಿರಿ.
2. ಹಾಸಿಗೆ, ಬಟ್ಟೆ, ಹುಲ್ಲು, ಗ್ಯಾಸ್ ಸಿಲಿಂಡರಿನ ಹತ್ತಿರ ಬೇಡ. ಬಾಗಿಲ ಬಳಿಯೂ ಬೇಡ. ಬೆಂಕಿ ಹತ್ತಿದರೆ ಹೊರಗೆ ಓಡಲು ದಾರಿ ಬೇಕು.
3. ಕೆಲಸದಿಂದ ತಂದ ಬ್ಯಾಟರಿ ಬಿಸಿ ಇರುತ್ತದೆ. ಆರಿದ ಮೇಲೆ ಚಾರ್ಜ್ ಮಾಡಿ.
4. ಮೊಳೆ, ಸ್ಕ್ರೂ ಇರುವ ಡಬ್ಬಿಯಲ್ಲಿ ಬ್ಯಾಟರಿ ಹಾಕಬೇಡಿ. ಮೊಳೆ ತಾಗಿದರೂ ಶಾರ್ಟ್ ಆಗುತ್ತದೆ.
5. ಬ್ಯಾಟರಿ ಸೀಳಿದರೆ, ಊದಿದರೆ, ಸೋರಿದರೆ, ವಾಸನೆ ಬಂದರೆ ಮತ್ತೆ ಚಾರ್ಜ್ ಮಾಡಬೇಡಿ. ಆರಿದ್ದರೆ ಮನೆಯಿಂದ ದೂರ, ನೆರಳಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಬರಿ ನೆಲದ ಮೇಲಿಡಿ. ಚುಚ್ಚಬೇಡಿ. ಒಲೆಗೆ, ತಿಪ್ಪೆಗೆ ಎಸೆಯಬೇಡಿ. ಹಳೆ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಡಿ.

ಬೆಂಕಿ ಹತ್ತಿದರೆ?

ಹೊಗೆ ಬರುವ ಬ್ಯಾಟರಿಯನ್ನು ಮುಟ್ಟಬೇಡಿ. ಆ ಹೊಗೆ ವಿಷ. ಮೊದಲು ಮಕ್ಕಳು, ಮುದುಕರು ಎಲ್ಲರೂ ಹೊರಗೆ ಬನ್ನಿ. ಮೇನ್ ಸ್ವಿಚ್ಚು ದಾರಿಯಲ್ಲೇ ಸಿಕ್ಕರೆ ಆರಿಸಿ. 101 ಅಥವಾ 112ಕ್ಕೆ ಫೋನ್ ಮಾಡಿ. ಸಾಮಾನು ತರಲು ಮತ್ತೆ ಒಳಗೆ ಹೋಗಬೇಡಿ. ಆರಿದಂತೆ ಕಂಡ ಬ್ಯಾಟರಿ ಮತ್ತೆ ಹತ್ತಿಕೊಳ್ಳಬಹುದು.

ಅಕ್ಕ ಆ ರಾತ್ರಿಯೇ ಬ್ಯಾಟರಿಯನ್ನು ಅಂಗಳದಾಚೆ ಇಟ್ಟರು. ಯಜಮಾನರು ಗೊಣಗಿದರು. "ದುಡಿದು ಹೊಸದು ತರಬಹುದು. ಮಕ್ಕಳನ್ನ ಎಲ್ಲಿಂದ ತರೋಣ?" ಎಂದರು ಅಕ್ಕ. ಯಜಮಾನರು ಮಾತಾಡಲಿಲ್ಲ. ಮರುದಿನ ಹಳೆಯ ಬೈರಿಗೆಯನ್ನೇ ಹಿಡಿದು ಕೆಲಸಕ್ಕೆ ಹೋದರು.

ಉತ್ತರ ಹೇಳಿ

1. ನಿಮ್ಮ ಮನೆಯಲ್ಲಿ ಎಷ್ಟು ಚಾರ್ಜರ್ ಇವೆ? ಯಾವುದು ಯಾವುದಕ್ಕೆ?
2. ರಾತ್ರಿ ಅವು ಎಲ್ಲಿರುತ್ತವೆ?