ಎರೆನೆಲದಲ್ಲಿ ಮರ

ರೋಣ, ನರಗುಂದ ತಾಲ್ಲೂಕುಗಳ ಎರೆಮಣ್ಣು ಬಿಳಿಜೋಳಕ್ಕೂ ಕಡಲೆಗೂ ಹೆಸರಾದುದು. ಮಳೆಗಾಲದಲ್ಲಿ ಹೀರಿದ ನೀರನ್ನು ಬಹುಕಾಲ ಹಿಡಿದಿಟ್ಟುಕೊಂಡು ಅದು ಹಿಂಗಾರಿ ಬೆಳೆಗೆ ಉಣಿಸುತ್ತದೆ. ಆದರೆ ಪೈರಿಗೆ ತಾಯಿಯಾದ ಈ ಮಣ್ಣು ಎಳೆಯ ಮರಕ್ಕೆ ಮಲತಾಯಿಯಾಗುವುದುಂಟು.

ಎರೆಮಣ್ಣಿನ ಜೇಡಿಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ನೆಲವು ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಹಾಗೆ ಬಿರಿಯುವಾಗ ಎಳೆಬೇರುಗಳು ಹರಿಯುತ್ತವೆ. ಉಳಿದವಕ್ಕೆ ಬಿಸಿಗಾಳಿ ತಾಗುತ್ತದೆ. ಅಷ್ಟರೊಳಗೆ ಜೋಳ ಕೊಯಿಲಾಗಿ ಕಣ ಸೇರಿರುತ್ತದೆ. ಮರವಾದರೋ ಅಲ್ಲಿಯೇ ನಿಂತು ಬೇಸಗೆಯನ್ನು ಕಳೆಯಬೇಕು. ಮಳೆಗಾಲದಲ್ಲಿ ತೊಂದರೆ ಇದಕ್ಕೆ ವಿರುದ್ಧವಾದುದು: ಬುಡದಲ್ಲಿ ನೀರು ನಿಂತು ಬೇರಿಗೆ ಗಾಳಿ ದೊರೆಯದು.

ಆದುದರಿಂದ ಬೇಸಗೆಯಲ್ಲಿಯೇ ಮೂರಡಿ ಆಳದ ಕುಣಿ ತೋಡಿ ಬಿಸಿಲಿಗೆ ಬಿಡಬೇಕು. ತೆಗೆದ ಮಣ್ಣಿಗೆ ಮಸಾರಿ ಮಣ್ಣನ್ನೂ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ, ಸುತ್ತಲಿನ ನೆಲಕ್ಕಿಂತ ತುಸು ಎತ್ತರವಾಗಿ ತುಂಬಬೇಕು. ಒಳ್ಳೆಯ ಮಳೆಯಾದ ಮೇಲೆ ಸಂಜೆಯ ತಂಪಿನಲ್ಲಿ ಸಸಿಯನ್ನು ನೆಡುವುದು ಲೇಸು. ಪ್ಲಾಸ್ಟಿಕ್ ಚೀಲವನ್ನು ಸೀಳಿ ತೆಗೆಯುವಾಗ ಬೇರಿನ ಸುತ್ತಲಿನ ಹೆಂಟೆ ಒಡೆಯಬಾರದು. ಆದರೆ ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಕನಿಕರವಿಲ್ಲದೆ ಕತ್ತರಿಸಬೇಕು. ಬಿಟ್ಟರೆ ಅದು ಆಳಕ್ಕಿಳಿಯದೆ ಅಲ್ಲಿಯೇ ಸುತ್ತುತ್ತದೆ; ಹಲವು ವರ್ಷಗಳ ಬಳಿಕ ಬೆಳೆದ ಮರವು ಬಿರುಗಾಳಿಗೆ ಉರುಳಬಹುದು. ಬುಡಕ್ಕೆ ಒಣ ಎಲೆ, ಜೋಳದ ಕೂಳೆ ಹೊದಿಸಿದರೆ ನೆಲ ಬಿರಿಯುವುದು ಕಡಮೆಯಾಗುತ್ತದೆ.

ಗಜೇಂದ್ರಗಡದ ಗುಡ್ಡಗಳಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಮಣ್ಣು ತೆಳು, ಕೆಳಗೆ ಕಲ್ಲು. ಬಿದ್ದ ಮಳೆ ಹರಿದು ಹೋಗುತ್ತದೆ. ಸಸಿಯ ಕೆಳಮಗ್ಗುಲಲ್ಲಿ ಅರ್ಧಚಂದ್ರಾಕಾರದ ಬದು ಕಟ್ಟಿ ನೀರನ್ನು ತಡೆಯಬೇಕು.

ನೆಡುವ ಕ್ರಮದಷ್ಟೇ ಮರದ ಆಯ್ಕೆಯೂ ಮುಖ್ಯ. ಉದ್ಯಾನದ ಅಂದಕ್ಕಾಗಿ ಮಲೆನಾಡಿನ ಮರಜರಿಯನ್ನು ತರಬಯಸುವವರಿದ್ದಾರೆ. ಹೂವು, ಬೀಜಗಳಿಲ್ಲದೆ ಬೀಜಾಣುಗಳಿಂದಲೇ ಹುಟ್ಟುವ, ಕೊಡೆಯಂತೆ ಗರಿ ಬಿಚ್ಚುವ ಆ ಸಸ್ಯ ನಿಜಕ್ಕೂ ಸುಂದರವಾದುದು. ಆದರೆ ಅದು ಹಳ್ಳದ ದಂಡೆಯ ನೆರಳಿನಲ್ಲಿ, ತೇವ ತುಂಬಿದ ಗಾಳಿಯಲ್ಲಿ ಬಾಳುವಂಥದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಗದಗ ಜಿಲ್ಲೆಯ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ಕಾಡಿನಿಂದ ಕಿತ್ತು ತಂದ ಮರಜರಿ ಇಲ್ಲಿ ಒಣಗುತ್ತದೆ. ಅಲ್ಲಿಯೂ ಒಂದು ಕಡಮೆಯಾಗುತ್ತದೆ.

ಈ ಸೀಮೆಗೆ ಬೇವು, ಹೊಂಗೆ, ಆಲಗಳೇ ತಕ್ಕವು. ಆಲಕ್ಕೆ ಸಸಿಯೇ ಬೇಕೆಂದಿಲ್ಲ. ತೋಳಿನ ಗಾತ್ರದ ಕೊಂಬೆಯನ್ನು ಮಳೆಗಾಲದ ಆರಂಭದಲ್ಲಿ ಆಳವಾಗಿ ಹೂಳಿದರೆ ಬೇರು ಬಿಡುತ್ತದೆ. ಆಡುಗಳ ಬಾಯಿಗೆ ಸಿಗದಂತೆ ಜಾಲಿಮುಳ್ಳಿನ ಬೇಲಿ ಕಟ್ಟಿ, ಮೊದಲ ಎರಡು ಬೇಸಗೆ ತಪ್ಪದೆ ನೀರುಣಿಸಬೇಕು.