ಮಾನಿಟರ್ ‘ನೋ ಸಿಗ್ನಲ್’ ಅಂದಾಗ

ಕಂಪ್ಯೂಟರ್ ಆನ್ ಆಗಿದೆ. ಫ್ಯಾನ್ ತಿರುಗುತ್ತಿದೆ, ಸ್ಪೀಕರಿನಲ್ಲಿ ವಿಂಡೋಸ್ ಸದ್ದೂ ಕೇಳಿಸಿತು. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಕಣ್ಣು ಮುಚ್ಚಿಕೊಂಡಿತು. ಅದೇ ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಪೋರ್ಟಿಗೆ ಸಿಕ್ಕಿಸಿದರೆ ಚಿತ್ರ ಬರುತ್ತದೆ! ಹಾಗಾದರೆ ಕಾರ್ಡ್ ಹೋಗಿದೆಯೋ, ಪೋರ್ಟ್ ಹೋಗಿದೆಯೋ?

ಹಿಂದೆ ಇಂಥ ಗೊಂದಲ ಕಡಿಮೆ ಇತ್ತು. ಐಬಿಎಂ 1987ರಲ್ಲಿ ತಂದ ವಿಜಿಎ ಪೋರ್ಟಿನಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ತಂತಿ. ನೀಲಿಯದು ಕಿತ್ತುಹೋದರೆ ಪರದೆ ಹಳದಿಗೆ ತಿರುಗುತ್ತಿತ್ತು; ರೋಗ ಮುಖದ ಮೇಲೇ ಕಾಣುತ್ತಿತ್ತು. 2002ರಲ್ಲಿ ಬಂದ ಎಚ್‌ಡಿಎಂಐ ಹಾಗಲ್ಲ. ಅಲ್ಲಿ ಚಿತ್ರ ಹೊರಡುವ ಮೊದಲು ಕಾರ್ಡಿಗೂ ಮಾನಿಟರಿಗೂ ಒಂದು ಮಾತುಕತೆ ನಡೆಯುತ್ತದೆ. ಅದು ಎಲ್ಲಿ ಮುರಿಯಿತು ಎಂದು ಹುಡುಕುವುದೇ ರಿಪೇರಿಯ ಅರ್ಧ ಕೆಲಸ.

ಎಚ್‌ಡಿಎಂಐ ಪೋರ್ಟಿನಲ್ಲಿ 19 ಪಿನ್‌ಗಳಿವೆ. ಕಾರ್ಡ್ ಮೊದಲು 18ನೇ ಪಿನ್ನಿನಲ್ಲಿ 5 ವೋಲ್ಟ್ ಕಳಿಸುತ್ತದೆ. ಆ ಕಡೆ ಮಾನಿಟರ್ ಇದ್ದರೆ 19ನೇ ಪಿನ್ನನ್ನು ಮೇಲೆತ್ತಿ ‘ಇದ್ದೇನೆ’ ಎನ್ನುತ್ತದೆ. ಆಮೇಲೆ ಕಾರ್ಡ್ 15 ಮತ್ತು 16ನೇ ಪಿನ್‌ಗಳ ಮೂಲಕ ಮಾನಿಟರಿನ ಜಾತಕ ಓದುತ್ತದೆ. ಇಡಿಐಡಿ ಎಂಬ ಈ ಜಾತಕದ ಮೂಲ ಭಾಗ ಬರೀ 128 ಬೈಟ್. ತಯಾರಕರು ಯಾರು, ಪರದೆ ಎಷ್ಟು ದೊಡ್ಡದು, ಯಾವ ರೆಸಲ್ಯೂಷನ್ ಒಗ್ಗುತ್ತದೆ ಎಲ್ಲವೂ ಅದರಲ್ಲಿದೆ. 128 ಬೈಟುಗಳನ್ನೂ ಕೂಡಿದರೆ ಮೊತ್ತ 256ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಆಗದಿದ್ದರೆ ಓದಿದ್ದು ತಪ್ಪು. ಇಷ್ಟೆಲ್ಲ ಆದಮೇಲೆ ಮೊದಲ 12 ಪಿನ್‌ಗಳಲ್ಲಿ ಚಿತ್ರ ಹರಿಯುತ್ತದೆ.

ಈ ಮೂರು ಹಂತಗಳಲ್ಲಿ ಯಾವುದು ಕೆಟ್ಟಿದೆ ಎಂಬುದಕ್ಕೆ ಬೇರೆ ಬೇರೆ ಲಕ್ಷಣಗಳಿವೆ. ಇನ್ನೊಂದು ಪೋರ್ಟಿನಲ್ಲಿ ಬೇರೊಂದು ಪರದೆ ಹಚ್ಚಿಕೊಂಡು ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಮಾನಿಟರ್ ಪಟ್ಟಿಯಲ್ಲೇ ಇಲ್ಲವೆಂದರೆ ‘ಇದ್ದೇನೆ’ ಎಂಬ ಮಾತು ತಲುಪಿಲ್ಲ. ಮಾನಿಟರ್ ಇದೆ, ಆದರೆ ಹೆಸರಿಲ್ಲ, 1024×768ರಂಥ ಹಳೆಯ ರೆಸಲ್ಯೂಷನ್‌ಗಳಷ್ಟೇ ಸಿಗುತ್ತಿವೆ ಎಂದರೆ ಜಾತಕ ಓದಲು ಆಗಿಲ್ಲ. ಚಿತ್ರ ಬರುತ್ತದೆ, ಆದರೆ ನಡುನಡುವೆ ಬಿಳಿ ಚುಕ್ಕಿ ಮಿನುಗುತ್ತವೆ, ಪರದೆ ಕ್ಷಣಕಾಲ ಕಪ್ಪಾಗುತ್ತದೆ ಎಂದರೆ ವೇಗ ತಡೆಯಲಾಗುತ್ತಿಲ್ಲ. 1920×1080ರ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಲು ಸುಮಾರು 4.5 ಗಿಗಾಬಿಟ್ ವೇಗ ಸಾಕು. ಅದೇ 4ಕೆ ಚಿತ್ರಕ್ಕೆ 17.8 ಗಿಗಾಬಿಟ್ ಬೇಕು, ಎಚ್‌ಡಿಎಂಐ 2.0ರ ಮಿತಿಯೇ 18. ಹಾಗಾಗಿ 60 ಹರ್ಟ್ಸ್ ಇದ್ದದ್ದನ್ನು 30ಕ್ಕೆ ಇಳಿಸಿ ನೋಡಿ. ಚುಕ್ಕಿ ಮಾಯವಾದರೆ ಮೊದಲು ಕೇಬಲ್ ಮೇಲೆ ಅನುಮಾನಪಡಿ.

ಪರೀಕ್ಷೆಗೆ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ ಬದಲಿಸಿದಾಗ ಪೋರ್ಟ್ ಅದೇ ಇರಲಿ, ಪೋರ್ಟ್ ಬದಲಿಸಿದಾಗ ಕೇಬಲ್ ಅದೇ ಇರಲಿ. ಕೇಬಲ್ ಅಪ್ಪಿತಪ್ಪಿ ಮದರ್‌ಬೋರ್ಡಿನ ಪೋರ್ಟಿಗೆ ಹೋಗಿದೆಯೇ ಎಂದೂ ನೋಡಿ. ಈ ತಪ್ಪು ಬಲ್ಲವರಿಂದಲೂ ಆಗುತ್ತದೆ. ಡಿಸ್‌ಪ್ಲೇ ಪೋರ್ಟ್ ಕೇಬಲಿಗೆ ಇನ್ನೊಂದು ತೊಡಕಿದೆ. ಅದರ 20ನೇ ಪಿನ್ ಎರಡು ತುದಿಯನ್ನೂ ಜೋಡಿಸಬಾರದು. ಕೆಲವು ಅಗ್ಗದ ಕೇಬಲ್‌ಗಳು ಜೋಡಿಸುತ್ತವೆ. ಆಗ ಮಾನಿಟರಿನ 3.3 ವೋಲ್ಟ್ ಹಿಂದಕ್ಕೆ ಕಾರ್ಡಿಗೆ ನುಗ್ಗಿ, ಕಂಪ್ಯೂಟರ್ ಏಳಲು ಹಟ ಮಾಡಬಹುದು. ಕೇಬಲ್ ಅಲ್ಲಾಡಿಸಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಬೆಸುಗೆ ಬಿಟ್ಟಿರಬಹುದು. ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಬಾಗಿದ ಪಿನ್ನೋ ಕಟ್ಟಿದ ದೂಳೋ ಕಣ್ಣಿಗೆ ಬೀಳಬಹುದು. ಬೆಸುಗೆಯನ್ನು ಚಿಪ್ ಮಟ್ಟದ ರಿಪೇರಿ ಮಾಡುವವರು ಸರಿಮಾಡಬಲ್ಲರು.

ಆದರೆ ನೆಟ್ಟಗಿದ್ದ ಪೋರ್ಟ್ ಒಂದೇ ದಿನ ಹೇಗೆ ಸಾಯುತ್ತದೆ? ಉತ್ತರ ಅನೇಕ ಸಲ ಗೋಡೆಯಲ್ಲಿರುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್‌ಗಳಿವೆ. ಅವು ಒಂದಿಷ್ಟು ಕರೆಂಟನ್ನು ಅರ್ಥ್ ತಂತಿಗೆ ಬಿಡುತ್ತಲೇ ಇರುತ್ತವೆ. ಪ್ಲಗ್ಗಿನ ಮೂರನೇ ತೂತಿಗೆ ಅರ್ಥ್ ಎಳೆದೇ ಇಲ್ಲದಿದ್ದರೆ ಕ್ಯಾಬಿನೆಟ್ ನಮ್ಮ 230 ವೋಲ್ಟಿನ ಅರ್ಧದಷ್ಟಕ್ಕೆ ತೇಲುತ್ತದೆ. ಬರಿಗಾಲಲ್ಲಿ ಮುಟ್ಟಿದರೆ ಜುಂ ಎನ್ನುವುದು ಇದಕ್ಕೇ. ಕರೆಂಟ್ ಅತ್ಯಲ್ಪ, ನಮ್ಮನ್ನು ಬೆಚ್ಚಿಸಿ ಬಿಡುತ್ತದೆ ಅಷ್ಟೆ. ಆದರೆ ಅಂಥ ಕಂಪ್ಯೂಟರಿಗೂ ಕೇಬಲ್ ಟಿವಿ ತಂತಿ ಹಚ್ಚಿದ ಟಿವಿಗೂ ನಡುವೆ ಎಚ್‌ಡಿಎಂಐ ಸಿಕ್ಕಿಸಿದ ಕ್ಷಣ, ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಪಿನ್ನುಗಳ ಮೂಲಕವೇ ಹರಿಯಬಹುದು. 5 ವೋಲ್ಟಿಗಾಗಿ ಮಾಡಿದ ಚಿಪ್ಪಿನ ಆ ಮೂಲೆ ಸುಟ್ಟು, ಪಕ್ಕದ ಪೋರ್ಟ್ ಬದುಕಿ ಉಳಿಯಬಹುದು.

ಆದ್ದರಿಂದ ಎರಡೂ ಕಡೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕೇಬಲ್ ಸಿಕ್ಕಿಸುವುದು ಒಳ್ಳೆಯ ರೂಢಿ. ಹೊಸ ಕಾರ್ಡಿಗೆ ದುಡ್ಡು ಎತ್ತಿಡುವ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಮೂರನೇ ತೂತನ್ನು ತೋರಿಸಿ. ಹೊಸ ಕಾರ್ಡ್ ಬಂದು ಕೂರುವುದೂ ಅದೇ ಪ್ಲಗ್ಗಿನ ನೆರಳಲ್ಲೇ.